ರುದ್ರಣ್ಣ ಐಎಸ್‌ಟಿಜೆ ಯಾಕೆ, ಐಎಸ್‌ಟಿಪಿ ಯಾಕಲ್ಲ?

ಮೈಯರ್ಸ್-ಬ್ರಿಗ್ಸ್ (ಎಂಬಿಟಿಐ) ಎಂಬ ವ್ಯಕ್ತಿತ್ವ ವಿಂಗಡಣೆ ಒಬ್ಬೊಬ್ಬರ ವಿಧವನ್ನು ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತದೆ; ಐಎಸ್‌ಟಿಜೆ, ಐಎಸ್‌ಟಿಪಿ ಅಂಥ ಎರಡು ವಿಧ. ಅಭ್ಯಾಸಕ್ಕೊಂದು ಕಾಲ್ಪನಿಕ ಪಾತ್ರ: ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನ ಯಜಮಾನ ರುದ್ರಣ್ಣ. ಗಲ್ಲಾದಲ್ಲಿ ಕೂತರೆ ಮಾತು ಕಡಿಮೆ. ಹಿಟ್ಟು ನಿನ್ನೆಗಿಂತ ಹುಳಿಯಾಗಿದ್ದರೆ ವಾಸನೆಯಲ್ಲೇ ಹಿಡಿಯುತ್ತಾನೆ. “ಆರಕ್ಕೆ ಒಲೆ ಹತ್ತಿರಬೇಕು, ತಡ ಮಾಡ್ದೋನಿಗೆ ಕೂಲಿ ಕಟ್” ಅನ್ನುವುದು ಅವನ ಕಾನೂನು.

ಮೊದಲೆರಡು ಅಕ್ಷರ ಸಲೀಸು: ಅಂತರ್ಮುಖಿ, ಅಂದರೆ ಐ, ಕಣ್ಣು ಮೂಗಿಗೆ ಸಿಕ್ಕಿದ್ದನ್ನು ನಂಬುವವನು, ಅಂದರೆ ಎಸ್. ಮೂರನೆಯದು ತರ್ಕದಿಂದ ತೀರ್ಮಾನಿಸುವವನಾದರೆ ಟಿ, ಭಾವನೆಯಿಂದ ತೀರ್ಮಾನಿಸುವವನಾದರೆ ಎಫ್. ಅದಕ್ಕೆ ಮಾಡಿದ ಕೆಲಸಕ್ಕಿಂತ ಅದರ ಕಾರಣ ನೋಡಿ. ಉದ್ರಿ ಕೊಟ್ಟ ಮಾತ್ರಕ್ಕೆ ಎಫ್ ಆಗುವುದಿಲ್ಲ. “ವಾರಕ್ಕೊಮ್ಮೆ ತಪ್ಪದೆ ತೀರಿಸ್ತಾನೆ” ಎಂದು ಕೊಟ್ಟರೆ ಟಿ, “ಹಸಕೊಂಡು ಬಂದೋನ್ನ ಹೆಂಗ್ ಕಳಿಸ್ಲಿ” ಎಂದು ಕೊಟ್ಟರೆ ಎಫ್. ರುದ್ರಣ್ಣನದು ಮೊದಲನೆಯ ಲೆಕ್ಕ.

ಎಡವುವುದು ಕೊನೆಯ ಅಕ್ಷರದಲ್ಲಿ. ‘ಶಿಸ್ತಿದ್ದರೆ ಜೆ, ಇಲ್ಲದಿದ್ದರೆ ಪಿ’ ಎಂದು ಬಾಯಿಪಾಠ ಮಾಡಿದರೆ ಅರ್ಧವೇ ಸಿಗುತ್ತದೆ. ಸ್ವಿಸ್ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಕೊಟ್ಟ ವಿಂಗಡಣೆಯಲ್ಲಿ ಈ ಜೋಡಿ ಪ್ರತ್ಯೇಕವಾಗಿ ಇರಲಿಲ್ಲ. ಅದನ್ನು ಸೇರಿಸಿದ್ದು ಈ ಅಕ್ಷರ ಪದ್ಧತಿ ರೂಪಿಸಿದ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಾಬೆಲ್ ಮೈಯರ್ಸ್. ನಡುವಿನ ಎರಡು ಅಕ್ಷರಗಳಲ್ಲಿ ಹೊರಜಗತ್ತಿಗೆ ಕಾಣುವುದು ಯಾವುದು ಎಂದು ಅದು ತೋರಿಸುತ್ತದೆ. ಜೆ ಇದ್ದರೆ ಮೂರನೆಯದು, ಪಿ ಇದ್ದರೆ ಎರಡನೆಯದು. ಆಮೇಲೆ ಮೊದಲ ಅಕ್ಷರಕ್ಕೆ ಹಿಂತಿರುಗಿ: ಇ, ಅಂದರೆ ಬಹಿರ್ಮುಖಿ, ಆದರೆ ಹೊರಗೆ ಕಾಣುವುದೇ ಪ್ರಧಾನ, ಐ ಆದರೆ ಒಳಗೆ ಉಳಿದದ್ದು ಪ್ರಧಾನ.

ಈಗ ಹಚ್ಚಿ ನೋಡಿ. ಐಎಸ್‌ಟಿಜೆ: ಜೆ ಇರುವುದರಿಂದ ಟಿ ಹೊರಗೆ, ಐ ಇರುವುದರಿಂದ ಒಳಗಿರುವ ಎಸ್ ಪ್ರಧಾನ. ಅಂದರೆ ನಮಗೆ ಕೇಳುವ ಹುಕುಂ ಎರಡನೇ ಸ್ಥಾನದ್ದು, ಅದರ ಹಿಂದೆ ಕೂಡಿಟ್ಟ ಅನುಭವವೇ ದೊಡ್ಡದು. ಐಎಸ್‌ಟಿಪಿ ಮಾಡಿದರೆ ಪೂರ್ತಿ ತಿರುವುಮುರುವು: ಎಸ್ ಹೊರಗೆ, ಟಿ ಒಳಗೆ, ಟಿಯೇ ಪ್ರಧಾನ. ಹೊಸ ಬರ್ನರ್ ತಂದಿಟ್ಟರೆ ವ್ಯತ್ಯಾಸ ಕಾಣುತ್ತದೆ. ಐಎಸ್‌ಟಿಪಿ ಅದನ್ನು ಬಿಚ್ಚಿ ಉರಿ ಎಲ್ಲಿ ಸೋರುತ್ತದೆ ಎಂದು ಸುಮ್ಮನೆ ನೋಡುತ್ತಾ ಕೂರುತ್ತಾನೆ. ರುದ್ರಣ್ಣ ಹಳೇ ಒಲೆಯ ದೋಸೆಯ ಪಕ್ಕ ಹೊಸದರದ್ದನ್ನಿಟ್ಟು, ಅಂಚಿನ ಗರಿ ಸರಿ ಬಂದ ಮೇಲಷ್ಟೇ “ನಾಳೆಯಿಂದ ಇದ್ರಲ್ಲೇ ಹಾಕ್ರಪ್ಪ” ಅನ್ನುತ್ತಾನೆ.

ಒಂದೇ ಘಟನೆ ನೋಡಿ ವಿಧ ಬರೆಯಬೇಡಿ. ದುರ್ಗದ ಕಿಂಡಿಯಲ್ಲಿ ಒನಕೆ ಎತ್ತಿದ ಓಬವ್ವನನ್ನು ‘ಇಎಸ್‌ಟಿಪಿ’ ಎಂದು ತಟ್ಟನೆ ಬರೆದುಬಿಡಬಹುದು, ಆದರೆ ಹೈದರಾಲಿಯ ಸೈನಿಕರು ನುಸುಳಿ ಬರುತ್ತಿದ್ದಾಗ ಮಾಡಿದ್ದು ಪರಿಸ್ಥಿತಿಯ ಒತ್ತಡದಿಂದಲೂ ಹುಟ್ಟಬಹುದು. ಬೇರೆಬೇರೆ ಸನ್ನಿವೇಶದ ಮೂರು ಸಾಕ್ಷಿಯಾದರೂ ಸಿಗದಿದ್ದರೆ ಆ ಅಕ್ಷರದ ಜಾಗ ಖಾಲಿ ಬಿಡಿ.