ಬೆಳಿಗ್ಗೆ ಬಜ್ಪೆಯಲ್ಲಿ ಇಳಿದು ಅವತ್ತೇ ಸೇಂಟ್ ಮೇರೀಸ್ ದ್ವೀಪ ನೋಡಬಹುದಾ?

ಓದುಗರ ಪ್ರಶ್ನೆ: ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ವಿಮಾನದಲ್ಲಿ ಮಂಗಳೂರಿಗೆ ಬರುತ್ತಿದ್ದೇವೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇಳಿಯುತ್ತೇವೆ. ಅವತ್ತೇ ಮಲ್ಪೆಗೆ ಹೋಗಿ ದ್ವೀಪ ನೋಡಿಕೊಂಡು ರಾತ್ರಿ ಉಡುಪಿಯಲ್ಲಿ ಉಳಿಯಲು ಆಗುತ್ತಾ? ಬಸ್ಸು ಸಾಕಾ, ಟ್ಯಾಕ್ಸಿಯೇ ಬೇಕಾ? ಮರುದಿನ ಸಂಜೆ ವಾಪಸ್ ವಿಮಾನ ಇದೆ.

ಆಗುತ್ತದೆ. ಆದರೆ ನನ್ನನ್ನು ಕೇಳಿದರೆ ಅವತ್ತೇ ಬೇಡ. ಮೊದಲ ದಿನ ಆರಾಮಾಗಿ ಉಡುಪಿ ಸೇರಿಕೊಳ್ಳಿ, ದ್ವೀಪಕ್ಕೆ ಮರುದಿನ ಬೆಳಿಗ್ಗೆ ಮೊದಲ ಬೋಟಿಗೇ ಹೋಗಿ.

ಈ ಪ್ರಶ್ನೆ ಕೇಳುವವರೆಲ್ಲ ಬಸ್ಸಾ ಟ್ಯಾಕ್ಸಿಯಾ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ರಸ್ತೆಯಲ್ಲಿ ಅರ್ಧ ಗಂಟೆ ಹೆಚ್ಚುಕಮ್ಮಿ ಆದರೆ ಏನೂ ಮುಳುಗಿಹೋಗುವುದಿಲ್ಲ. ಇಡೀ ದಿನದ ಲೆಕ್ಕ ನಿಂತಿರುವುದು ಮಲ್ಪೆಯ ಬೋಟಿನ ಮೇಲೆ. ಬೋಟು ಗಡಿಯಾರ ನೋಡಿ ಹೊರಡುವುದಲ್ಲ. ಜನ ನೋಡಿ, ಗಾಳಿ ನೋಡಿ ಹೊರಡುವುದು. ಹಾಗಾಗಿ ಸಮುದ್ರದ ಕಡೆಯಿಂದಲೇ ಶುರು ಮಾಡೋಣ. ರಸ್ತೆ ವಿಷಯ ಆಮೇಲೆ.

ಮಲ್ಪೆಯಿಂದ ದ್ವೀಪಕ್ಕೆ ಸುಮಾರು ಆರು ಕಿಲೋಮೀಟರ್. ದೊಡ್ಡ ಬೋಟಿಗೆ ಅರ್ಧ ಗಂಟೆಯ ಹತ್ತಿರ ಬೇಕು. ಸ್ಪೀಡ್ ಬೋಟ್ ಬೇಗ ಮುಟ್ಟಿಸುತ್ತದೆ, ಆದರೆ ದುಡ್ಡೂ ಜಾಸ್ತಿ, ಎತ್ತಿ ಹಾಕುವುದೂ ಜಾಸ್ತಿ. ಅಪ್ಪ ಅಮ್ಮನಿಗೆ ಸೊಂಟನೋವು ಗಿಂಟನೋವು ಇದ್ದರೆ ದೊಡ್ಡ ಬೋಟೇ ವಾಸಿ. ಟಿಕೆಟ್ ಹೋಗಿ ಬರುವುದಕ್ಕೆ ಸೇರಿಸಿಯೇ ಇರುತ್ತದೆ, ಹೋಗುವಾಗಲೇ ಎಸೆದುಬಿಡಬೇಡಿ.

ವಾರದ ಮಧ್ಯೆ ಹೋದರೆ ಬೋಟು ತುಂಬುವ ತನಕ ಕಾಯಿಸುತ್ತಾರೆ. ಭಾನುವಾರ ಹೋದರೆ ಬೋಟು ಬೇಗ ತುಂಬುತ್ತದೆ, ಆದರೆ ಕ್ಯೂ ಉದ್ದ. ಡಿಸೆಂಬರ್ ಕೊನೆಯ ವಾರವಂತೂ ಕೇಳಲೇಬೇಡಿ. ಶಾಲೆಗಳ ಪ್ರವಾಸ, ಕ್ರಿಸ್‌ಮಸ್ ರಜೆ, ಶಬರಿಮಲೆ ಯಾತ್ರೆ ಮುಗಿಸಿ ಬಂದವರು, ಎಲ್ಲ ಒಟ್ಟಿಗೇ ಬಂದಿರುತ್ತಾರೆ. ಎರಡರಲ್ಲಿ ಯಾವುದಾದರೂ ಒಂದು ಕಾಯುವುದು ತಪ್ಪಿದ್ದಲ್ಲ. ದ್ವೀಪದಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ. ಕತ್ತಲಾಗುವ ಮೊದಲೇ ಎಲ್ಲರನ್ನೂ ವಾಪಸ್ ಕರೆತರುತ್ತಾರೆ. ಮಧ್ಯಾಹ್ನ ಮೂರಕ್ಕೆ ಮಲ್ಪೆ ಮುಟ್ಟಿದವರು ಕ್ಯೂ ನೋಡಿ ವಾಪಸ್ ಹೋಗುವುದು ಅದಕ್ಕೇ.

ನೀವು ಬರುವುದು ಡಿಸೆಂಬರ್ ಆದ್ದರಿಂದ ಸರಿಹೋಯಿತು. ಮಳೆಗಾಲದಲ್ಲಿ ಬೋಟೇ ಇಲ್ಲ. ಮೇ ಕೊನೆಯಿಂದ ಸೆಪ್ಟೆಂಬರ್ ತನಕ ಕಡಲು ತುಂಬಾ ಒರಟು. ಯಾಂತ್ರಿಕ ಬೋಟುಗಳ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದೆ, ಮಲ್ಪೆ ಬಂದರಿನಲ್ಲಿ ಬೋಟಿಗೆ ಬೋಟು ತಾಗಿಕೊಂಡು ನಿಂತಿರುತ್ತವೆ. ಆ ಹೊತ್ತಿನಲ್ಲಿ ಪ್ರವಾಸಿಗರನ್ನು ಯಾರು ಬಿಡುತ್ತಾರೆ, ಅಲ್ವಾ? ಉಳಿದ ತಿಂಗಳುಗಳಲ್ಲೂ ಒಂದೊಂದು ದಿನ ಕೌಂಟರಿನಲ್ಲಿ ‘ಇವತ್ತು ಗಾಳಿ ಉಂಟು ಮಾರಾಯ್ರೆ, ಬೋಟ್ ಇಲ್ಲ’ ಅಂದುಬಿಡುತ್ತಾರೆ. ವಾದ ಮಾಡಬೇಡಿ. ಆ ಕಡಲು ಅವರಿಗೆ ಗೊತ್ತು.

ಬೆಳಿಗ್ಗೆಯೇ ಹೋಗಿ ಅನ್ನುವುದಕ್ಕೆ ಇನ್ನೊಂದು ಕಾರಣ ಬಿಸಿಲು. ದ್ವೀಪದಲ್ಲಿ ತೆಂಗಿನ ಮರಗಳು ಬಿಟ್ಟರೆ ಬೇರೆ ನೆರಳು ಕಡಿಮೆ. ನೋಡಬೇಕಾದ್ದೆಲ್ಲ ಇರುವುದು ಕಪ್ಪು ಕಲ್ಲಿನ ಮೇಲೆ. ಮಧ್ಯಾಹ್ನ ಹನ್ನೆರಡರ ಮೇಲೆ ಆ ಕಲ್ಲು ಕಾದ ಕಾವಲಿ. ಬೆಳಿಗ್ಗೆ ಒಂಬತ್ತು, ಹತ್ತು ಗಂಟೆಗೆ ಅದರ ಮೇಲೆ ಸಲೀಸಾಗಿ ಓಡಾಡಬಹುದು.

ಆ ಕಲ್ಲಿನ ಸಲುವಾಗಿಯೇ ಅಲ್ಲಿಗೆ ಹೋಗಬೇಕು. ಸುಮ್ನೆ ಬೀಚ್ ನೋಡುವುದಕ್ಕಾದರೆ ಮಲ್ಪೆಯೇ ಸಾಕು. ದ್ವೀಪದಲ್ಲಿ ಕಂಬ ನೆಟ್ಟ ಹಾಗೆ ಕಲ್ಲುಗಳು ನಿಂತಿವೆ. ಅವುಗಳ ತಲೆಯ ಮೇಲೆ ಕಾಲಿಟ್ಟು ನಡೆಯುವಾಗ ಕೆಳಗೆ ನೋಡಿ. ಒಂದಕ್ಕೆ ಐದು ಮೂಲೆ, ಪಕ್ಕದ್ದಕ್ಕೆ ಆರು, ಅದರಾಚೆಯದ್ದಕ್ಕೆ ಏಳು. ನಡುವಿನ ಸಂದಿಯಲ್ಲಿ ಚಿಪ್ಪಿನ ಚೂರು, ಅಲೆ ಬಿಟ್ಟುಹೋದ ಉಪ್ಪುನೀರು. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ಲಾವಾ ತಣ್ಣಗಾಗುವಾಗ ಕುಗ್ಗುತ್ತದೆ. ಕುಗ್ಗಿದಾಗ ಮೇಲ್ಭಾಗ ಬಿರುಕು ಬಿಡುತ್ತದೆ. ಒಳಗಿನದು ತಣಿಯುತ್ತಾ ಹೋದ ಹಾಗೆ ಅದೇ ಬಿರುಕು ನೇರ ಕೆಳಗೆ ಇಳಿಯುತ್ತದೆ, ಕಂಬಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಹೆಸರಿಟ್ಟ ಅನ್ನುವ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಆ ಕಥೆಗಿಂತ ಈ ಕಲ್ಲಿನ ಕಥೆಯೇ ದೊಡ್ಡದು ಅನ್ನಿಸುತ್ತದೆ.

ಇಳಿಯುವಾಗ ನೀರಿಗೆ ಕಾಲಿಡಬೇಕಾಗಿ ಬರಬಹುದು. ಅಮ್ಮ ಸೀರೆ ಉಡುವವರಾದರೆ ಮೊದಲೇ ಹೇಳಿಡಿ. ಚಪ್ಪಲಿ ಹಿಂದೆ ಪಟ್ಟಿ ಇರುವಂಥದ್ದಾಗಲಿ. ಪಡುವಣ ಕಡೆಯ ದಡದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಬರಿಗಾಲಿಗೆ ಚುಚ್ಚುತ್ತದೆ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ. ಅಂಚಿಗೆ ಹೋಗಿ ಫೋಟೊ ತೆಗೆಯಲು ನಿಂತು ಅಲೆಗೆ ಸಿಕ್ಕಿ ಜೀವ ಕಳೆದುಕೊಂಡವರಿದ್ದಾರೆ. ಲೈಫ್‌ಗಾರ್ಡ್ ಸೀಟಿ ಊದಿದರೆ ಸುಮ್ಮನೆ ಹಿಂದೆ ಬನ್ನಿ.

ಇನ್ನು ರಸ್ತೆ.

ಊರಿನವರು ಈಗಲೂ ಬಜ್ಪೆ ಏರ್‌ಪೋರ್ಟ್ ಅಂತಲೇ ಅನ್ನುತ್ತಾರೆ. 2010ರಿಂದ ಟರ್ಮಿನಲ್ ಇರುವುದು ಕೆಂಜಾರಿನ ಕಡೆ, ಗುಡ್ಡದ ಮೇಲೆ. ಅಲ್ಲಿಂದ ಉಡುಪಿಗೆ ಐವತ್ತೈದರಿಂದ ಅರವತ್ತು ಕಿಲೋಮೀಟರ್, ಟ್ಯಾಕ್ಸಿಯಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮಂಗಳೂರು ಪೇಟೆಯ ಒಳಗೆ ಹೋಗುವ ಅಗತ್ಯವೇ ಇಲ್ಲ. ಬಹಳ ಜನ ಮೊದಲು ಪೇಟೆಗೆ ಇಳಿದು ಆಮೇಲೆ ಉಡುಪಿ ಕಡೆ ತಿರುಗುತ್ತಾರೆ. ಅದು ಮೂಗು ಹಿಡಿಯಲು ಕೈ ಸುತ್ತಿಸಿದ ಹಾಗೆ.

ದಾರಿ ಎರಡು. ಒಂದು ಕಾವೂರಿನ ಮೇಲೆ ಕೂಳೂರಿಗೆ ಬಂದು ರಾಷ್ಟ್ರೀಯ ಹೆದ್ದಾರಿ 66 ಹಿಡಿಯುವುದು. ಅಲ್ಲಿಂದ ಪಣಂಬೂರು, ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ ದಾಟಿ ಉಡುಪಿ. ರಸ್ತೆ ಅಗಲ ಇದೆ, ಆದರೆ ಪಣಂಬೂರಿನಲ್ಲಿ ಬಂದರು, ಬೈಕಂಪಾಡಿಯಲ್ಲಿ ಕೈಗಾರಿಕಾ ಪ್ರದೇಶ, ಅದರಾಚೆ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆ. ಲಾರಿ, ಟ್ಯಾಂಕರ್ ಎಲ್ಲ ಅದೇ ರಸ್ತೆಗೆ ಬಂದು ಬೀಳುತ್ತವೆ. ಕೂಳೂರು ಸೇತುವೆಯ ಹತ್ತಿರ ಸಂಜೆ ಸಿಕ್ಕಿಕೊಂಡರೆ ಮುಗಿಯಿತು.

ಇನ್ನೊಂದು ದಾರಿ ಬಜ್ಪೆಯಿಂದ ಕಟೀಲು, ಕಿನ್ನಿಗೋಳಿಗೆ ಹೋಗಿ ಮೂಲ್ಕಿಯಲ್ಲಿ ಹೆದ್ದಾರಿ ಸೇರುವುದು. ರಸ್ತೆ ಕಿರಿದು, ತಿರುವು ಜಾಸ್ತಿ, ಎರಡೂ ಬದಿ ಅಡಿಕೆ ತೋಟ. ಆದರೆ ಲಾರಿಗಳ ಕಾಟ ಇಲ್ಲ. ಅಪ್ಪ ಅಮ್ಮ ಜೊತೆಗಿದ್ದಾರೆ ಅಂದರೆ ನಾನು ಇದನ್ನೇ ಹೇಳುತ್ತೇನೆ. ಕಟೀಲಿನ ದುರ್ಗಾಪರಮೇಶ್ವರಿ ದೇವಸ್ಥಾನ ನಂದಿನಿ ನದಿಯ ನಡುವೆಯೇ ಇದೆ, ಎರಡೂ ಕಡೆ ನೀರು ಹರಿಯುತ್ತದೆ. ನೀವು ಕೇಳಿದ್ದು ಸಮುದ್ರದ ದ್ವೀಪ, ನಿಜ. ಆದರೆ ವಿಮಾನ ಇಳಿದ ಸ್ವಲ್ಪ ಹೊತ್ತಿಗೆ ಬೋಟಿಲ್ಲದೆ ನೋಡಬಹುದಾದ ದ್ವೀಪ ಇದು. ದರ್ಶನ ಮುಗಿಸಿ ಹೊರಟರೂ ಮಧ್ಯಾಹ್ನದ ಊಟದ ಹೊತ್ತಿಗೆ ಉಡುಪಿಯಲ್ಲಿರುತ್ತೀರಿ. ಮಣಿಪಾಲದಲ್ಲಿ ಉಳಿಯುವವರು ಕಿನ್ನಿಗೋಳಿಯಿಂದ ಬೆಳ್ಮಣ್, ಶಿರ್ವದ ಮೇಲೆ ಅತ್ರಾಡಿಗೆ ಹೋಗಿಬಿಡಬಹುದು, ಹೆದ್ದಾರಿಯ ಸಹವಾಸವೇ ಬೇಡ. ನೀವು ಉಡುಪಿಗೆ ಮೂಲ್ಕಿಯ ಮೇಲೆಯೇ ಹೋಗಿ. ಹೆಜಮಾಡಿಯ ಟೋಲ್ ಎರಡೂ ದಾರಿಯಲ್ಲಿ ಸಿಗುತ್ತದೆ. ಬಾಡಿಗೆ ಮಾತಾಡುವಾಗಲೇ ಟೋಲ್ ಸೇರಿದೆಯಾ ಕೇಳಿಕೊಳ್ಳಿ.

ಬಸ್ಸು ಸಾಕಾ? ಒಬ್ಬರೇ, ಹೆಗಲಿಗೊಂದು ಬ್ಯಾಗ್ ಹಾಕಿಕೊಂಡು ಬರುವವರಾಗಿದ್ದರೆ ಧಾರಾಳವಾಗಿ ಸಾಕು ಅನ್ನುತ್ತಿದ್ದೆ. ಮಂಗಳೂರಿನಿಂದ ಉಡುಪಿ, ಕುಂದಾಪುರ ಕಡೆ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು ಓಡುತ್ತಲೇ ಇರುತ್ತವೆ. ಏರ್‌ಪೋರ್ಟಿನಿಂದ ರಿಕ್ಷಾದಲ್ಲೋ ಟ್ಯಾಕ್ಸಿಯಲ್ಲೋ ಕೊಟ್ಟಾರ ಚೌಕಿಗೆ ಬಂದು ನಿಂತರೆ ಆಯಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ‘ಉಡ್ಪಿ ಉಡ್ಪಿ ಉಡ್ಪಿ’ ಅಂತ ಕೂಗುತ್ತಿರುತ್ತಾನೆ, ಹತ್ತಿದ ಮೇಲೆ ‘ದುಂಬು ಪೋಲೆ’ ಅನ್ನುತ್ತಾನೆ. ತುಳು ಬಾರದಿದ್ದರೂ ಮುಂದೆ ಹೋಗಿ ಅಂತ ಅವನ ಕೈಯೇ ಹೇಳುತ್ತದೆ. ಉಡುಪಿಯಲ್ಲಿ ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ನಡೆದೇ ಸಿಟಿ ಬಸ್ ಸ್ಟ್ಯಾಂಡಿಗೆ ಹೋಗಿ ಮಲ್ಪೆ ಬಸ್ಸು ಹತ್ತಬೇಕು. ಮಲ್ಪೆ ಅಲ್ಲಿಂದ ಆರು ಕಿಲೋಮೀಟರ್. ಬಸ್ಸು ಬೀಚಿನ ತನಕ ಹೋಗುತ್ತದಾ ಅಂತ ಕೇಳಿಯೇ ಹತ್ತಿ. ಇಲ್ಲವಾದರೆ ಪೇಟೆಯಲ್ಲಿ ಇಳಿದು ರಿಕ್ಷಾ ಮಾಡಬೇಕು.

ಆದರೆ ಹಿರಿಯರು, ಸೂಟ್‌ಕೇಸು, ಮೂರು ಕಡೆ ಹತ್ತಿ ಇಳಿಯುವುದು, ಇದೆಲ್ಲ ಬೇಡದ ತಾಪತ್ರಯ. ಟ್ಯಾಕ್ಸಿ ಮಾಡಿ. ಕೆಎಸ್‌ಆರ್‌ಟಿಸಿ ವಿಮಾನ ನಿಲ್ದಾಣದಿಂದ ಮಣಿಪಾಲಕ್ಕೆ ವೋಲ್ವೊ ಬಿಟ್ಟಿದ್ದುಂಟು. ನೀವು ಹೊರಗೆ ಬರುವ ಹೊತ್ತಿಗೆ ಇದ್ದರೆ ಹತ್ತಿಕೊಳ್ಳಿ, ಅದನ್ನೇ ನಂಬಿ ಬರಬೇಡಿ. ರೈಲು ಚೆನ್ನಾಗಿದೆ, ಆದರೆ ನಿಮಗೆ ಉಪಯೋಗ ಇಲ್ಲ. ಸ್ಟೇಷನ್ ಹಿಡಿಯಲು ಪೇಟೆಗೇ ಹೋಗಬೇಕು, ಆ ಕಡೆ ಉಡುಪಿ ಸ್ಟೇಷನ್ ಇರುವ ಇಂದ್ರಾಳಿಯಲ್ಲಿ ಇಳಿದು ಮತ್ತೆ ರಿಕ್ಷಾ.

ಮೊದಲ ದಿನ ಸಂಜೆಗೆ ಕೃಷ್ಣ ಮಠ ಇದ್ದೇ ಇದೆ. ರಥಬೀದಿಯ ಸುತ್ತಮುತ್ತ ಲಾಡ್ಜ್ ಹಿಡಿದರೆ ಅಪ್ಪ ಅಮ್ಮ ನಡೆದೇ ಹೋಗಿ ಕನಕನ ಕಿಂಡಿಯಲ್ಲಿ ದರ್ಶನ ಮಾಡಿ ಬರಬಹುದು. ಒಳಗೆ ಗಂಡಸರು ಅಂಗಿ ತೆಗೆಯಬೇಕು. ನೀವು ಮಾತ್ರ ಸೂರ್ಯ ಮುಳುಗುವ ಹೊತ್ತಿಗೆ ಒಂದು ಸಲ ಮಲ್ಪೆಗೆ ಹೋಗಿ ಬನ್ನಿ. ಬೋಟಿನ ಕೌಂಟರಿನಲ್ಲಿ ಎರಡು ಮಾತು ಕೇಳಿ. ನಾಳೆ ಮೊದಲ ಬೋಟು ಎಷ್ಟಕ್ಕೆ? ಬೀಚಿನಿಂದಲಾ, ಬಂದರಿನ ಕಡೆಯಿಂದಲಾ? ಎರಡೂ ಕಡೆಯಿಂದ ಬೋಟು ಹೋಗುತ್ತದೆ. ತಪ್ಪು ಕಡೆ ಟ್ಯಾಕ್ಸಿ ನಿಲ್ಲಿಸಿ ಹಿರಿಯರನ್ನು ಬಿಸಿಲಲ್ಲಿ ನಡೆಸುವುದು ತಪ್ಪುತ್ತದೆ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಸ್ಕೂಬಾ ಡೈವಿಂಗ್ ವಿಡಿಯೊಗಳಲ್ಲಿ ಕಾಣುವ ದ್ವೀಪ ಇದಲ್ಲ, ಅದು ನೇತ್ರಾಣಿ. ಅದಕ್ಕೆ ಮುರುಡೇಶ್ವರದಿಂದ ಹೋಗಬೇಕು, ಉಡುಪಿಯಿಂದ ಇನ್ನೂ ನೂರು ಕಿಲೋಮೀಟರ್ ಉತ್ತರಕ್ಕೆ. ನಿಮ್ಮ ಎರಡು ದಿನದಲ್ಲಿ ಅದನ್ನು ಸೇರಿಸಲು ಹೋಗಬೇಡಿ. ಸೇಂಟ್ ಮೇರೀಸ್ ಅನ್ನುವುದೂ ಒಂದೇ ದ್ವೀಪ ಅಲ್ಲ, ಸಾಲು ದ್ವೀಪಗಳು. ದರಿಯಾ ಬಹಾದೂರ್ ಗಡ ಅನ್ನುವ ಹಳೇ ಕೋಟೆಯ ದ್ವೀಪವೂ ಆ ಸಾಲಿನಲ್ಲಿದೆ. ಪ್ರವಾಸಿಗರ ಬೋಟು ಇಳಿಸುವುದು ತೆಂಗಿನ ಮರಗಳಿರುವ ದ್ವೀಪದಲ್ಲಿ ಮಾತ್ರ.

ಕಾಪುವಿನ ದೀಪಸ್ತಂಭ ದಾರಿಯಲ್ಲೇ ಇದೆ, 1901ರದ್ದು. ಹತ್ತಲು ಬಿಡುವುದು ಸಂಜೆಯ ಹೊತ್ತು. ನೀವು ಹಾದುಹೋಗುವುದು ಬೆಳಿಗ್ಗೆ, ಅದನ್ನು ಬಿಟ್ಟುಬಿಡಿ.

ಮರುದಿನದ ಲೆಕ್ಕ ಹೀಗಿರಲಿ. ಬೆಳಿಗ್ಗೆ ಬೇಗ ತಿಂಡಿ ಮುಗಿಸಿ, ಲಾಡ್ಜ್ ಖಾಲಿ ಮಾಡಿ, ಸಾಮಾನೆಲ್ಲ ಟ್ಯಾಕ್ಸಿಯಲ್ಲಿ ಹಾಕಿಕೊಂಡೇ ಮಲ್ಪೆಗೆ ಹೊರಡಿ. ಉಡುಪಿಯಿಂದ ಏರ್‌ಪೋರ್ಟಿಗೆ ಆ್ಯಪ್ ಟ್ಯಾಕ್ಸಿ ಹುಡುಕುತ್ತಾ ಕೂರುವುದಕ್ಕಿಂತ ಹಿಂದಿನ ದಿನ ಕರೆತಂದ ಡ್ರೈವರನ್ನೇ ಇಡೀ ದಿನಕ್ಕೆ ಗೊತ್ತು ಮಾಡಿಕೊಳ್ಳುವುದು ಸಲೀಸು. ಮೊದಲ ಬೋಟು ಸಿಕ್ಕಿದರೆ ಹನ್ನೆರಡರ ಹೊತ್ತಿಗೆ ದಡದಲ್ಲಿರುತ್ತೀರಿ. ಮಲ್ಪೆಯಲ್ಲಿ ಮೀನೂಟ ಮಾಡುವವರಿಗೆ ಹೋಟೆಲಿಗೇನೂ ಬರ ಇಲ್ಲ. ಸಸ್ಯಾಹಾರಿಗಳು ಉಡುಪಿಗೆ ಬಂದು ಉಂಡರೆ ಒಳ್ಳೆಯದು.

ಸಂಜೆ ಆರೂವರೆಯ ವಿಮಾನ ಅಂತ ಇಟ್ಟುಕೊಳ್ಳಿ. ಎರಡೂವರೆಗೆಲ್ಲ ಉಡುಪಿ ಬಿಡಿ. ಈ ಸಲ ಹೆದ್ದಾರಿಯಲ್ಲಿ ಕೂಳೂರಿನ ತನಕ ಹೋಗಲೇಬೇಡಿ, ಮೂಲ್ಕಿಯಲ್ಲೇ ಎಡಕ್ಕೆ ತಿರುಗಿ ಕಿನ್ನಿಗೋಳಿ, ಕಟೀಲು, ಬಜ್ಪೆಯ ಮೇಲೆ ಬನ್ನಿ. ಬೆಳಿಗ್ಗೆ ಬೋಟು ಹೊರಡುವುದೇ ತಡವಾಗಿ ಹನ್ನೊಂದು ದಾಟಿತು ಅಂದರೆ ದ್ವೀಪದ ಆಸೆ ಬಿಡಬೇಕಾಗಿಲ್ಲ, ಉಡುಪಿಯ ಊಟದ ಆಸೆ ಬಿಡಿ. ದಡಕ್ಕೆ ಬಂದವರೇ ಏನಾದರೂ ಪಾರ್ಸೆಲ್ ಕಟ್ಟಿಸಿಕೊಂಡು ನೇರ ಮೂಲ್ಕಿ ಕಡೆ ಹೊರಟುಬಿಡಿ.