ಪಿಎಂಪಿ ಅಂದ್ರೆ ಕೋರ್ಸ್ ಮುಗಿಸಿದ ಕಾಗದ ಅಲ್ಲ

ಪರಿಚಯದ ಹುಡುಗನೊಬ್ಬ ಫೋನ್ ಮಾಡಿ, "ಸಾರ್, ನಂದು ಪಿಎಂಪಿ ಆಯ್ತು" ಅಂದ. ಪ್ರಾಜೆಕ್ಟ್ ಮುನ್ನಡೆಸುವವರು ಪರೀಕ್ಷೆ ಬರೆದು ಪಡೆಯುವ ಅರ್ಹತೆ ಅದು. ಖುಷಿಯಾಯಿತು. ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ನೋಡಿದರೆ, ಅದು 35 ಗಂಟೆಯ ತರಬೇತಿ ಮುಗಿಸಿದ್ದಕ್ಕೆ ಕೋಚಿಂಗ್‌ನವರು ಕೊಟ್ಟ ಕಾಗದ. ಪರೀಕ್ಷೆಗೆ ಅವನಿನ್ನೂ ಅರ್ಜಿಯನ್ನೇ ಹಾಕಿರಲಿಲ್ಲ.

ಅವನನ್ನೇ ಬೈದು ಪ್ರಯೋಜನವಿಲ್ಲ. ನಮ್ಮ ಮಾತಿನಲ್ಲಿ ಎಲ್ಲದಕ್ಕೂ ಒಂದೇ ಪದ, ಸರ್ಟಿಫಿಕೇಟ್. ಆದರೆ ಈ ಕ್ಷೇತ್ರದಲ್ಲಿ ಸರ್ಟಿಫಿಕೇಟ್ ಬೇರೆ, ಸರ್ಟಿಫಿಕೇಷನ್ ಬೇರೆ. ಡ್ರೈವಿಂಗ್ ಸ್ಕೂಲನ್ನೇ ತಗೊಳ್ಳಿ. ಕಲಿಸುವವರು ಅವರು. ಲೈಸೆನ್ಸ್ ಕೊಡುವುದು ಆರ್‌ಟಿಒ. ಅಲ್ಲಿ ಹೋಗಿ ಎಂಟು ಹಾಕಿ ತೋರಿಸಬೇಕು. ಕಲಿಸಿದವರು ಬೇರೆ, ಪರೀಕ್ಷೆ ಮಾಡುವವರು ಬೇರೆ. ಲೈಸೆನ್ಸಿಗೆ ವಾಯಿದೆಯೂ ಇದೆ, ರಿನ್ಯೂ ಮಾಡಿಸಬೇಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿಗೆ ಆ ಕಾಟ ಇಲ್ಲ. ಸರ್ಟಿಫಿಕೇಷನ್ ಅನ್ನುವುದು ಲೈಸೆನ್ಸಿನ ಜಾತಿಯದು.

ಪಿಎಂಪಿ ಅಂದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್. ಕೊಡುವುದು ಅಮೆರಿಕದಲ್ಲಿ 1969ರಲ್ಲಿ ಹುಟ್ಟಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್, ಎಲ್ಲರ ಬಾಯಲ್ಲಿ ಪಿಎಂಐ. ಪಿಎಂಪಿ ಶುರುವಾಗಿದ್ದು 1984ರಲ್ಲಿ. ಇಂದು ಜಗತ್ತಿನಲ್ಲಿ 10 ಲಕ್ಷಕ್ಕೂ ಜಾಸ್ತಿ ಜನರ ಹತ್ತಿರ ಇದೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಹೆಸರಿನ ಮುಂದೆ ಈ ಮೂರಕ್ಷರ ಹಾಕಿಕೊಂಡವರು ನಿಮ್ಮ ಫ್ಲೋರಿನಲ್ಲೇ ಸಿಗಬಹುದು.

ಆರ್‌ಟಿಒ ಹೋಲಿಕೆ ಒಂದು ಕಡೆ ಮಾತ್ರ ಕೈಕೊಡುತ್ತದೆ. "ಮೂರು ವರ್ಷ ಗಾಡಿ ಓಡಿಸಿ ಬಾ, ಆಮೇಲೆ ಪರೀಕ್ಷೆ" ಅಂತ ಆರ್‌ಟಿಒ ಹೇಳುವುದಿಲ್ಲ. ಪಿಎಂಐ ಹೇಳುತ್ತದೆ! ಡಿಗ್ರಿ ಇದ್ದವರಿಗೆ 36 ತಿಂಗಳು, ಇಲ್ಲದವರಿಗೆ 60 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಬೇಕು. ಮೇಲೆ ಆ 35 ಗಂಟೆ ತರಬೇತಿ. ಪ್ರಾಜೆಕ್ಟಿನಲ್ಲಿ ಇದ್ದರೆ ಸಾಲದು, ಮುನ್ನಡೆಸಿರಬೇಕು. ನನ್ನ ಪ್ರಕಾರ ಪಿಎಂಪಿಯ ನಿಜವಾದ ತೂಕ ಇರುವುದು ಇಲ್ಲೇ, ಪರೀಕ್ಷೆಯಲ್ಲಲ್ಲ.

ನಾನು ಅರ್ಜಿ ತುಂಬುವಾಗ ಮೊದಲ ಪ್ರಾಜೆಕ್ಟಿನ ಕೆಳಗೆ, "ಟೀಮ್ ಜೊತೆ ಸೇರಿ ಡೆಲಿವರಿ ಮಾಡಿದೆವು, ಕ್ಲೈಂಟ್ ಜೊತೆ ಫಾಲೋಅಪ್ ಮಾಡಿದೆವು" ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಿದ್ದೆ. ಹಳೆಯ ಮ್ಯಾನೇಜರ್ ಮೇಡಂಗೆ ತೋರಿಸಿದೆ. ಅವರು ಓದಿ, "ಎಲ್ಲ ಸರಿ, ಇದರಲ್ಲಿ ನೀನು ಮಾಡಿದ್ದು ಯಾವುದಪ್ಪ?" ಅಂದರು. ಉತ್ತರ ಹುಡುಕೋಕೆ ಎರಡು ವಾರ ಹಿಡಿಯಿತು. ಬಜೆಟ್ ಯಾರು ಹಾಕಿದ್ದು? ರಿಸ್ಕ್ ಪಟ್ಟಿ ಮಾಡಿದ್ದು ಯಾರು? ತಡವಾದಾಗ ಹೋಗಿ ಹೇಳಿದ್ದು ಯಾರು? ಹಳೇ ಮೇಲ್‌ಗಳನ್ನೆಲ್ಲ ಕೆದಕಿದಾಗ, ನಾನೇ ಮಾಡಿದ್ದು ಅಂದುಕೊಂಡಿದ್ದರಲ್ಲಿ ಅರ್ಧ ಅವರೇ ಮಾಡಿದ್ದು ಅಂತ ಗೊತ್ತಾಯಿತು. ಸುಮ್ನೆ ತೋಚಿದ್ದು ಬರೆಯುವ ಹಾಗೂ ಇಲ್ಲ. ಕೆಲವು ಅರ್ಜಿಗಳನ್ನು ಆಡಿಟ್‌ಗೆ ಎತ್ತಿಕೊಳ್ಳುತ್ತಾರೆ. ಆಗ ಬರೆದದ್ದು ಹೌದು ಅಂತ ಆ ಪ್ರಾಜೆಕ್ಟ್ ಗೊತ್ತಿರುವವರೇ ಒಪ್ಪಬೇಕು.

ಪರೀಕ್ಷೆ 2021ರಲ್ಲಿ ಹೊಸ ರೂಪ ಪಡೆಯಿತು: 180 ಪ್ರಶ್ನೆ, 230 ನಿಮಿಷ, ನಡುವೆ ಹತ್ತು ಹತ್ತು ನಿಮಿಷದ ಎರಡು ಬಿಡುವು. ಆ ರೂಪದಲ್ಲಿ ಹೆಚ್ಚುಕಮ್ಮಿ ಅರ್ಧ ಪ್ರಶ್ನೆ ಅಜೈಲ್ (ಸಣ್ಣ ಸಣ್ಣ ಕಂತಿನಲ್ಲಿ ಕೆಲಸ ಮಾಡುತ್ತಾ ತಿದ್ದಿಕೊಂಡು ಹೋಗುವುದು) ಮತ್ತು ಹೈಬ್ರಿಡ್ (ಅದನ್ನೂ ಮೊದಲೇ ಪೂರ್ತಿ ಯೋಜನೆ ಹಾಕುವ ಹಳೇ ಕ್ರಮವನ್ನೂ ಬೆರೆಸಿದ್ದು) ಪದ್ಧತಿಯವು. ಪಾಸಾಗಲು ಎಷ್ಟು ಅಂಕ ಬೇಕು ಅನ್ನುವುದನ್ನು ಪಿಎಂಐ ಹೇಳುವುದೇ ಇಲ್ಲ. ಪ್ರಶ್ನೆಪತ್ರಿಕೆಯ ಸ್ವರೂಪ ಆಗಾಗ ಬದಲಾಗುತ್ತದೆ. ಹಾಗಾಗಿ ಓದಲು ಕೂರುವ ಮೊದಲು ಪಿಎಂಐ ಸೈಟ್ ಒಮ್ಮೆ ನೋಡಿ.

ಪ್ರಶ್ನೆಗಳ ವರಸೆ ಹೇಗಿರುತ್ತದೆ ಅಂದರೆ, ಒಂದು ನಾನೇ ಕಟ್ಟಿ ಹೇಳುತ್ತೇನೆ. ಕ್ಲೈಂಟ್ ನಿಮ್ಮನ್ನು ದಾಟಿ ನೇರ ಡೆವಲಪರ್ ಹತ್ತಿರ ಹೋಗಿ, "ಒಂದು ಸಣ್ಣ ಬಟನ್ ಅಷ್ಟೇ, ಹಾಕಿಕೊಡಿ" ಅಂತಾರೆ. ನೀವು ಮೊದಲು ಏನು ಮಾಡುತ್ತೀರಿ? ನಮ್ಮ ಆಫೀಸುಗಳ ಉತ್ತರ ಗೊತ್ತಲ್ವಾ: "ಹಾಕಿಕೊಟ್ಟುಬಿಡು, ಸಂಬಂಧ ಕೆಡಬಾರದು." ಆಗಲ್ಲ ಅನ್ನುವುದು ಇನ್ನೊಂದು ಆಯ್ಕೆ. ಮೇಲಿನವರಿಗೆ ದೂರು ಕೊಡುವುದು ಮತ್ತೊಂದು. ಪರೀಕ್ಷೆಗೆ ಬೇಕಾದದ್ದು ನಾಲ್ಕನೆಯದು. ಆ ಬಟನ್ನಿನಿಂದ ಸಮಯ, ಖರ್ಚು, ಉಳಿದ ಕೆಲಸದ ಮೇಲೆ ಏನಾಗುತ್ತದೆ ನೋಡು, ಆಮೇಲೆ ಬದಲಾವಣೆಯ ಕೋರಿಕೆ ಅಂತ ದಾಖಲಿಸಿ ಒಪ್ಪಿಗೆಗೆ ಕಳಿಸು. ಹಾಗೆ ಮಾಡದೆ, ಒಪ್ಪಿಗೆಯಿಲ್ಲದೆ ನುಸುಳಿ ಕೆಲಸ ಬೆಳೆಯುವುದಕ್ಕೆ ಸ್ಕೋಪ್ ಕ್ರೀಪ್ ಅಂತ ಹೆಸರು. ಅನುಭವಸ್ಥರೂ ಈ ಪ್ರಶ್ನೆಗಳಲ್ಲಿ ಮುಗ್ಗರಿಸುವುದಕ್ಕೆ ಕಾರಣ ಇದೇ. ಅವರು ತಮ್ಮ ಆಫೀಸಿನ ಉತ್ತರ ಬರೆಯುತ್ತಾರೆ.

ಪಾಸಾದ ಮೇಲೂ ಪಿಎಂಪಿ ಉಳಿಸಿಕೊಳ್ಳಲು ಮೂರು ವರ್ಷಕ್ಕೆ 60 ಪಿಡಿಯು ಸೇರಿಸಬೇಕು. ಒಂದು ಪಿಡಿಯು ಅಂದರೆ ಒಂದು ಗಂಟೆಯ ಕಲಿಕೆ, ಇಲ್ಲವೇ ಇನ್ನೊಬ್ಬರಿಗೆ ಕಲಿಸಿದ್ದು. ಇದನ್ನು ಮೂರನೇ ವರ್ಷದ ಕೊನೇ ತಿಂಗಳಿಗೆ ಇಟ್ಟುಕೊಂಡು ರಾತ್ರಿಯೆಲ್ಲ ವೆಬಿನಾರ್ ಓಡಿಸುವವರನ್ನು ಕಂಡಿದ್ದೇನೆ. ಆ ಪೈಕಿ ನಾನೂ ಒಬ್ಬ.

ಇನ್ನು ಪಿಎಂಐನದೇ ಇನ್ನೊಂದು ಸರ್ಟಿಫಿಕೇಷನ್, ಪಿಜಿಎಂಪಿ. ಪ್ರೋಗ್ರಾಂ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್. "ಪ್ರೋಗ್ರಾಂ ಮ್ಯಾನೇಜರ್ ಅಂದ್ರೆ ಸ್ಟೇಜ್ ಪ್ರೋಗ್ರಾಂ ನಡೆಸಿಕೊಡೋರಾ?" ಅಂತ ನಮ್ಮಮ್ಮ ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ನಮ್ಮ ಮೆಟ್ರೋ ಇದಕ್ಕೆ ಒಳ್ಳೆಯ ಉತ್ತರ. 2023ರ ಮಾರ್ಚ್‌ನಲ್ಲಿ ಕೆ.ಆರ್.ಪುರದಿಂದ ವೈಟ್‌ಫೀಲ್ಡ್‌ವರೆಗೆ ರೈಲು ಶುರುವಾಯಿತು. ಬೈಯಪ್ಪನಹಳ್ಳಿಯವರೆಗೆ 2011ರಿಂದಲೇ ಇತ್ತು. ನಡುವಿನ ಸುಮಾರು ಎರಡು ಕಿಲೋಮೀಟರ್ ಮಾತ್ರ ಬಾಕಿ. ಜನ ಇಳಿದು, ಫೀಡರ್ ಬಸ್ ಹತ್ತಿ, ಮತ್ತೆ ಮೆಟ್ರೋ ಹತ್ತುತ್ತಿದ್ದರು. ಆ ತುಂಡು ತೆರೆದದ್ದು ಅಕ್ಟೋಬರ್ 9ಕ್ಕೆ. ಪ್ರತಿ ತುಂಡನ್ನೂ ಒಂದು ಪ್ರಾಜೆಕ್ಟ್ ಅಂದುಕೊಳ್ಳಿ. ಅದಕ್ಕೆ ಶುರು ಇದೆ, ಕೊನೆ ಇದೆ. ಆದರೆ ಮೆಜೆಸ್ಟಿಕ್‌ನಲ್ಲಿ ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿಯುವ ಸುಖ ಯಾವ ತುಂಡೂ ಒಂಟಿಯಾಗಿ ಕೊಡಲಾರದು. ಹಾಗೆ ಕೂಡಿದಾಗ ಮಾತ್ರ ಸಿಗುವ ಫಲಕ್ಕಾಗಿ ಹಲವು ಪ್ರಾಜೆಕ್ಟುಗಳನ್ನು ಒಟ್ಟಿಗೆ ನಡೆಸುವುದು ಪ್ರೋಗ್ರಾಂ. ದಿನಾ ಬೆಳಿಗ್ಗೆ ರೈಲು ಓಡಿಸುವುದು ಎರಡೂ ಅಲ್ಲ, ಅದು ಆಪರೇಷನ್ಸ್. ಪಿಜಿಎಂಪಿಗೆ ವರ್ಷಗಟ್ಟಲೆ ಜಾಸ್ತಿ ಅನುಭವ ಬೇಕು. ಪರೀಕ್ಷೆಗೆ ಮೊದಲೇ ಅರ್ಜಿಯನ್ನು ಒಂದು ಸಮಿತಿ ಓದಿ ತೀರ್ಮಾನಿಸುತ್ತದೆ.

ಬ್ರಿಟನ್ ಕಡೆ ಹೊರಟವರಿಗೆ ಪ್ರಿನ್ಸ್2 ಎಂಬ ಪ್ರಾಜೆಕ್ಟ್ ನಡೆಸುವ ಪದ್ಧತಿ, ಅದರದೇ ಸರ್ಟಿಫಿಕೇಷನ್ ಎದುರಾಗುತ್ತದೆ. ಅದು ಅಲ್ಲಿನ ಸರ್ಕಾರಿ ಐಟಿ ಕೆಲಸಗಳಿಗೆಂದು ಹುಟ್ಟಿ, 1996ರಲ್ಲಿ ಎಲ್ಲ ಬಗೆಯ ಪ್ರಾಜೆಕ್ಟುಗಳಿಗೂ ಹೊಂದುವ ರೂಪ ಪಡೆಯಿತು. ಅದರ ಫೌಂಡೇಶನ್ ಹಂತಕ್ಕೆ ಅನುಭವ ಕೇಳುವುದಿಲ್ಲ.

ಅಂದಹಾಗೆ, ಆ ಹುಡುಗನ ಅನುಭವವನ್ನು ಕೂತು ಲೆಕ್ಕ ಹಾಕಿದೆವು. ನಿಜವಾಗಿ ಮುನ್ನಡೆಸಿದ್ದು 14 ತಿಂಗಳು. ಇನ್ನೂ 22 ಬಾಕಿ. ಅಲ್ಲಿಯವರೆಗೆ ಪಿಎಂಐನದೇ ಸಿಎಪಿಎಂ ಬರೆಯಬಹುದು. ಅದು ಹೊಸಬರಿಗಾಗಿಯೇ ಇರುವುದು, 23 ಗಂಟೆ ತರಬೇತಿ ಸಾಕು. ಅಷ್ಟು ಅವನ ಕಾಗದದಲ್ಲೇ ಇದೆ. ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಮುಂದೆ ಹಾಕಿಕೊಂಡಿದ್ದ ಮೂರಕ್ಷರವನ್ನು ಅವತ್ತೇ ತೆಗೆದ.