ಮಂಡಿ ನೋವಿನ ಮಾತ್ರೆಗೆ ಮೊದಲು ಅಲೆನ್ ಕೀ

ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಈಚೆಗೆ ಸೈಕಲ್ಲಿನವರು ಬರುವುದು ಜಾಸ್ತಿಯಾಗಿದೆ. ಬಿದ್ದು ಪೆಟ್ಟು ಮಾಡಿಕೊಂಡವರು ಕಮ್ಮಿ. "ಡಾಕ್ಟ್ರೇ, ಕೈಮರ ದಾಟಿ ಘಾಟಿ ಹತ್ತಿದರೆ ಮಂಡಿ ಹಿಡ್ಕೊಳ್ಳುತ್ತೆ", "ಕಡೂರು ರೋಡಲ್ಲಿ ಸಖರಾಯಪಟ್ಟಣ ಮುಟ್ಟೋದ್ರೊಳಗೆ ಕಿರುಬೆರಳು ಜೋಮು" ಎನ್ನುವವರೇ ಹೆಚ್ಚು. ಮುಂದಿನ ಸಲ ಸೈಕಲ್ಲನ್ನೂ ಕರ್ಕೊಂಡು ಬನ್ನಿ ಅಂತ ಹೇಳಿ ಕಳಿಸುತ್ತೇನೆ.

ಇವರ ಹತ್ತಿರ ಇರುವುದು ಸಾಮಾನ್ಯವಾಗಿ ಇಪ್ಪತ್ತೈದು ಮೂವತ್ತು ಸಾವಿರದ ರೋಡ್ ಬೈಕು. ಅಲ್ಯೂಮಿನಿಯಂ ಫ್ರೇಮು, ಹಿಂದೆ ಏಳೋ ಎಂಟೋ ಗೇರು. ಅಂಗಡಿಯಲ್ಲಿ ಜೋಡಿಸಿ ಕೊಟ್ಟಂತೆಯೇ ಓಡಿಸುತ್ತಿರುತ್ತಾರೆ. ಬೆಂಗಳೂರಿಗೆ ಹೋಗಿ ಬೈಕ್ ಫಿಟ್, ಅಂದರೆ ಮೈ ಅಳತೆಗೆ ಸೈಕಲ್ ಹೊಂದಿಸುವ ಕೆಲಸ, ಮಾಡಿಸಲು ಸಾವಿರಾರು ರೂಪಾಯಿ ಬೇಕು. ಶುರುವಿಗೇ ಅಷ್ಟು ಖರ್ಚು ಬೇಡ ಅನ್ನುವವನು ನಾನು. 4, 5, 6 ಎಂಎಂ ಅಲೆನ್ ಕೀ (ಬೋಲ್ಟಿನ ಆರು ಮೂಲೆಯ ತೂತಿಗೆ ಹಾಕಿ ತಿರುಗಿಸುವ ಬಾಗಿದ ಕೀಲಿ), ಅಳತೆ ಟೇಪು, ಒಂದು ತುಂಡು ದಾರ, ಫೋನಿನ ಕ್ಯಾಮೆರಾ. ಇಷ್ಟಿದ್ದರೆ ಮುಕ್ಕಾಲು ಕೆಲಸ ಮನೆಯ ಜಗಲಿಯಲ್ಲೇ ಮುಗಿಯುತ್ತದೆ.

ಆದರೆ ಯಾವುದು ಮೊದಲು ಅನ್ನುವುದು ಮುಖ್ಯ. ಮೊದಲು ಸೀಟು, ಆಮೇಲೆ ಹ್ಯಾಂಡಲ್. ಸೀಟಿನ ಜಾಗವನ್ನು ಕಾಲು ನೋಡಿ ನಿರ್ಧರಿಸಬೇಕು, ಕೈ ನೋಡಿ ಅಲ್ಲ. ಹ್ಯಾಂಡಲ್ ದೂರ ಅಂತ ಸೀಟನ್ನು ಮುಂದಕ್ಕೆ ಎಳೆದುಕೊಂಡು ಬರುವವರು ಬಹಳ ಜನ. ಕೈಯ ತೊಂದರೆ ನೀಗಿಸಲು ಹೋಗಿ ಮಂಡಿಗೆ ತಂದುಕೊಂಡಿರುತ್ತಾರೆ. ವಿಚಿತ್ರ ಅಂದರೆ ಕೈಯ ತೊಂದರೆಯೂ ಹೋಗಿರುವುದಿಲ್ಲ.

ಸೀಟಿನ ಎತ್ತರದಿಂದ ಶುರು ಮಾಡೋಣ. ನಮ್ಮ ಕಡೆ ಹತ್ತರಲ್ಲಿ ಎಂಟು ಸೈಕಲ್ಲಿನ ಸೀಟು ತಗ್ಗಾಗಿರುತ್ತದೆ ಅಂತ ನನ್ನ ಅಂದಾಜು. ಕಾರಣ ಇದೆ. ನಾವು ಕಲಿತದ್ದು ಅಪ್ಪನದೋ ಮಾವನದೋ ಕರಿ ಸೈಕಲ್ಲಿನಲ್ಲಿ. ಮೊದಲು ಒಳಪೆಡ್ಲು, ಆಮೇಲೆ ಬಾರ್ ಮೇಲೆ, ಕೊನೆಗೆ ಸೀಟು. ಸೀಟಿನಲ್ಲಿ ಕೂತಾಗ ಎರಡೂ ಕಾಲು ನೆಲಕ್ಕೆ ತಾಗಬೇಕು ಅನ್ನುವುದು ಆಗ ತಲೆಗೆ ಹೊಕ್ಕ ಪಾಠ. ರೋಡ್ ಬೈಕಿನಲ್ಲಿ ಆ ಪಾಠ ನಡೆಯುವುದಿಲ್ಲ. ಸೀಟು ಸರಿಯಾದ ಎತ್ತರದಲ್ಲಿದ್ದರೆ ಕೂತಲ್ಲಿಂದ ತುದಿಬೆರಳಷ್ಟೇ ನೆಲಕ್ಕೆ ತಾಗೀತು. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ಬಾರಿನ ಮೇಲೆ ಕಾಲು ಅಗಲಿಸಿ ನಿಲ್ಲಬೇಕು. ಇದೊಂದು ಅಭ್ಯಾಸವಾದರೆ ಸೀಟು ಏರಿಸಲು ಇರುವ ಹೆದರಿಕೆ ಹೋಗುತ್ತದೆ.

ತಗ್ಗು ಸೀಟಿನಲ್ಲಿ ಏನಾಗುತ್ತದೆ? ಪೆಡಲ್ ತುಳಿಯುವಾಗ ಮಂಡಿ ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ. ಹೆಚ್ಚು ಮಡಚಿದ ಮಂಡಿಯ ಮೇಲೆ ಭಾರ ಹಾಕಿದಾಗ ಮಂಡಿ ಚಿಪ್ಪು ತೊಡೆ ಮೂಳೆಗೆ ಜೋರಾಗಿ ಒತ್ತುತ್ತದೆ. ಸಮತಟ್ಟು ರಸ್ತೆಯಲ್ಲಿ ಅದು ಗೊತ್ತಾಗದೆ ಇರಬಹುದು. ಮುಳ್ಳಯ್ಯನಗಿರಿ 1,930 ಮೀಟರ್. ಊರಿನಿಂದ ಮೇಲಕ್ಕೆ ಎಂಟುನೂರು ಮೀಟರಿಗೂ ಜಾಸ್ತಿ ಏರಬೇಕು. ಅಷ್ಟು ಹೊತ್ತು ಹಾಗೆ ತುಳಿದರೆ ಮಂಡಿಯ ಮುಂಭಾಗ ನೋಯದೆ ಇರುತ್ತದೆಯೇ? ಸೀಟು ತೀರಾ ಎತ್ತರವಾದರೆ ನೋವು ಮಂಡಿಯ ಹಿಂದೆ ಬರುತ್ತದೆ, ಸೊಂಟವೂ ಆ ಕಡೆ ಈ ಕಡೆ ಜಾರುತ್ತದೆ. ಮುಂದೆ ನೋವಾದರೆ ತಗ್ಗು, ಹಿಂದೆ ನೋವಾದರೆ ಎತ್ತರ. ಯಾವಾಗಲೂ ಹೀಗೇ ಅಂತಲ್ಲ, ಆದರೆ ಮೊದಲ ಅನುಮಾನ ಅಲ್ಲಿರಲಿ.

ಅಳತೆಗೆ ಎರಡು ಹಳೆಯ ಸೂತ್ರಗಳಿವೆ. ಎರಡಕ್ಕೂ ಕಾಲಿನ ಒಳ ಉದ್ದ ಬೇಕು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವನ್ನು ಕಾಲುಗಳ ನಡುವೆ ಇಟ್ಟು, ಸೀಟಿನ ಮೇಲೆ ಕೂತಷ್ಟು ಬಿಗಿಯಾಗಿ ಮೇಲಕ್ಕೆ ಒತ್ತಿ. ಪುಸ್ತಕದ ಮೇಲಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ. ನೆಲದಿಂದ ಗೆರೆವರೆಗೆ 78 ಸೆಂಟಿಮೀಟರ್ ಬಂತು ಅಂತಿಟ್ಟುಕೊಳ್ಳಿ. ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಜನಪ್ರಿಯ ಮಾಡಿದ ಲೆಕ್ಕದಲ್ಲಿ ಇದನ್ನು 0.883ರಿಂದ ಗುಣಿಸಬೇಕು. 68.9 ಬರುತ್ತದೆ. ಕ್ರ್ಯಾಂಕ್ (ಪೆಡಲ್ ಕೂರಿಸಿರುವ ತೋಳು) ತಿರುಗುವ ನಡುಭಾಗದಿಂದ ಸೀಟಿನ ಮೇಲ್ಮೈವರೆಗೆ ಅಷ್ಟು ಇರಬೇಕು. ಇನ್ನೊಂದು, 1967ರಲ್ಲಿ ಇಂಗ್ಲೆಂಡಿನ ಹ್ಯಾಮ್ಲಿ ಮತ್ತು ಥಾಮಸ್ ಕೊಟ್ಟ ಲೆಕ್ಕ. ಕೆಳಗಿರುವ ಪೆಡಲಿನಿಂದ ಸೀಟಿಗೆ ಕಾಲಿನ ಉದ್ದದ ಶೇಕಡ 109. ಅಂದರೆ 85. ಅದರಲ್ಲಿ 17 ಸೆಂಟಿಮೀಟರ್ ಕ್ರ್ಯಾಂಕ್ ಕಳೆದರೆ 68. ಒಂದೇ ಕಾಲಿಗೆ ಎರಡು ಸೂತ್ರಗಳ ನಡುವೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ವ್ಯತ್ಯಾಸ! ಹಾಗಾಗಿ ಸೂತ್ರವನ್ನು ಶುರುವಿನ ಗುರುತು ಅಂತ ಮಾತ್ರ ಇಟ್ಟುಕೊಳ್ಳಿ.

ನನಗೆ ಇಷ್ಟ ಹಿಮ್ಮಡಿ ಪರೀಕ್ಷೆ. ಸೈಕಲ್ಲನ್ನು ಗೋಡೆಗೆ ಒರಗಿಸಿ ಹತ್ತಿ ಕೂರಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲ್ ಅತಿ ದೂರಕ್ಕೆ ಹೋದಾಗ ಮಂಡಿ ಆಗಷ್ಟೇ ನೆಟ್ಟಗಾಗಬೇಕು, ಸೊಂಟ ಜಾರಬಾರದು. ಆಮೇಲೆ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮಂಡಿ ತಾನಾಗಿ ಸ್ವಲ್ಪ ಮಡಚುತ್ತದೆ. ಪಕ್ಕದಿಂದ ಯಾರಾದರೂ ಫೋಟೋ ತೆಗೆದರೆ ಆ ಮಡಿಕೆ 25ರಿಂದ 35 ಡಿಗ್ರಿ ಒಳಗೆ ಕಾಣಬೇಕು. ದಿನಾ ಹಾಕುವ ಶೂ ಹಾಕಿಕೊಂಡೇ ಇದನ್ನು ಮಾಡಿ. ಚಪ್ಪಲಿಯಲ್ಲಿ ಅಳೆದು ಶೂನಲ್ಲಿ ಓಡಿಸಿದರೆ ಲೆಕ್ಕ ತಪ್ಪುತ್ತದೆ.

ಈಗಿರುವ ಎತ್ತರಕ್ಕೆ ಸೀಟ್ ಪೋಸ್ಟಿನ (ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆ) ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿ. ಒಂದು ಸಲಕ್ಕೆ ಮೂರರಿಂದ ಐದು ಮಿಲಿಮೀಟರ್ ಸಾಕು. ಒಂದು ವಾರ ಓಡಿಸಿ, ಮತ್ತೆ ನೋಡಿ. ಪೋಸ್ಟಿನ ಮೇಲೆ ಒಂದು ಕೊನೆಯ ಗೆರೆ ಇರುತ್ತದೆ. ಅದು ಫ್ರೇಮಿನಿಂದ ಹೊರಗೆ ಕಂಡರೆ ಪೋಸ್ಟೋ ಫ್ರೇಮೋ ಮುರಿಯಬಹುದು. ಅಲ್ಲಿಗೂ ಎತ್ತರ ಸಾಲದಿದ್ದರೆ ಉದ್ದದ ಪೋಸ್ಟು ತರಬೇಕು.

ಮಲೆನಾಡಿನವರಿಗೆ ಇಲ್ಲೊಂದು ಕಿವಿಮಾತು. ಅಲ್ಯೂಮಿನಿಯಂ ಪೋಸ್ಟು ಗ್ರೀಸ್ ಇಲ್ಲದೆ ಎರಡು ಮಳೆಗಾಲ ಫ್ರೇಮಿನೊಳಗೆ ಕೂತರೆ ಅಲ್ಲೇ ಹಿಡಿದುಕೊಳ್ಳುತ್ತದೆ. ಆಮೇಲೆ ಯಾವ ಸೂತ್ರ ಹಾಕಿದರೂ ಮಿಸುಕುವುದಿಲ್ಲ. ಮೇ ತಿಂಗಳಲ್ಲಿ ಒಮ್ಮೆ ಪೂರ್ತಿ ಹೊರತೆಗೆದು, ಒರೆಸಿ, ಗ್ರೀಸ್ ಸವರಿ ಹಾಕಿ. ಪೋಸ್ಟು ಕಾರ್ಬನ್ನಿನದಾದರೆ ಮಾತ್ರ ಮಾಮೂಲಿ ಗ್ರೀಸ್ ಬೇಡ.

ಎತ್ತರವಾದ ಮೇಲೆ ಹಿಂದೆ ಮುಂದೆ. ಸೀಟಿನ ಟ್ಯೂಬು ಹಿಂದಕ್ಕೆ ವಾಲಿರುವುದರಿಂದ ಸೀಟನ್ನು ಎರಡು ಸೆಂಟಿಮೀಟರ್ ಏರಿಸಿದರೆ ಅದು ಆರು ಮಿಲಿಮೀಟರಿನಷ್ಟು ಹಿಂದಕ್ಕೂ ಹೋಗಿರುತ್ತದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಕ್ರ್ಯಾಂಕ್ ನೆಲಕ್ಕೆ ಸಮನಾಗಿ ಮುಂದಕ್ಕಿರುವಾಗ ಮಂಡಿ ಚಿಪ್ಪಿನ ಕೆಳಗಿನಿಂದ ನಟ್ಟು ಕಟ್ಟಿದ ದಾರ ಇಳಿಬಿಟ್ಟರೆ ಅದು ಪೆಡಲಿನ ಅಚ್ಚಿನ ಹತ್ತಿರ ಬರಬೇಕು ಅನ್ನುವುದು ರೂಢಿ. ಇದಕ್ಕೆ ವಿಜ್ಞಾನದ ಆಧಾರ ಇಲ್ಲ ಅಂತ ಅಮೆರಿಕದ ಸೈಕಲ್ ತಯಾರಕ ಕೀತ್ ಬಾಂಟ್ರೇಜರ್ ವಾದಿಸಿದ್ದಾರೆ. ಒರಗಿ ಕೂತು ತುಳಿಯುವ ಸೈಕಲ್ಲಿನಲ್ಲಿ ಮಂಡಿ ಪೆಡಲಿನ ಮೇಲೆ ಬರುವುದೇ ಇಲ್ಲವಲ್ಲ! ವಾದ ಸರಿಯೇ. ಆದರೂ ಶುರು ಮಾಡಲು ಒಂದು ಜಾಗ ಬೇಕಲ್ವಾ, ಅದಕ್ಕೆ ದಾರ ಸಾಕು.

ಈಗ ಜೋಮಿನ ವಿಷಯ. ಕಿರುಬೆರಳು, ಉಂಗುರ ಬೆರಳು ಜೋಮಾದರೆ ಅಂಗೈ ಬುಡದಲ್ಲಿ ಅಲ್ನಾರ್ ನರ ಒತ್ತಿಹೋಗುತ್ತಿದೆ. ಹೆಬ್ಬೆರಳಿನ ಕಡೆಯವು ಜೋಮಾದರೆ ಮೀಡಿಯನ್ ನರ. ಮೂಲ ಒಂದೇ, ಮೈಭಾರ ಕೈಮೇಲೆ ಬಿದ್ದಿದೆ. ಜನ ಮೊದಲು ದಪ್ಪ ಗ್ಲೌಸ್ ಕೊಳ್ಳುತ್ತಾರೆ. ನಾನು ಸೀಟಿನ ಮೂಗು ನೋಡುತ್ತೇನೆ. ಅದು ಕೆಳಕ್ಕೆ ಬಾಗಿದ್ದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಕೈ ಅದನ್ನು ತಡೆಯುತ್ತಲೇ ಇರುತ್ತದೆ. ಗಾರೆಯವರ ರಸಮಟ್ಟವನ್ನೋ ಫೋನಿನ ಲೆವೆಲ್ ಆ್ಯಪನ್ನೋ ಇಟ್ಟು ಸೀಟನ್ನು ಸಮ ಮಾಡಿ. ಸೀಟು ತೀರಾ ಮುಂದಿದ್ದರೂ ಹೀಗೇ. ಕುರ್ಚಿಯಿಂದ ಏಳುವಾಗ ಕಾಲನ್ನು ಹಿಂದಕ್ಕೆ ಎಳೆದುಕೊಂಡರೆ ಮೈ ಮುಂದಕ್ಕೆ ಬೀಳುವ ಹಾಗೆ, ಪೆಡಲ್ ಹಿಂದಾದಷ್ಟೂ ಭಾರ ಕೈಗೆ ಬರುತ್ತದೆ. ಸೀಟನ್ನು ಹಿಂದಕ್ಕೆ ಸರಿಸಿದರೆ ಹ್ಯಾಂಡಲ್ ದೂರವಾದರೂ ಕೈ ಹಗುರಾಗುವುದು ಇದರಿಂದಲೇ.

ಘಾಟಿಯವರಿಗೆ ಒಂದು ವಿನಾಯಿತಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಸೈಕಲ್ಲೇ ನಾಲ್ಕೂವರೆ ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಮನೆಯಲ್ಲಿ ಸಮವಾಗಿದ್ದ ಸೀಟು ಅಲ್ಲಿ ಮೂಗೆತ್ತಿ ಒತ್ತುತ್ತದೆ. ಹತ್ತುವುದೇ ಜಾಸ್ತಿ ಅನ್ನುವವರು ಒಂದೆರಡು ಡಿಗ್ರಿ ಬಾಗಿಸಿಕೊಳ್ಳಬಹುದು. ಗುಪ್ತಾಂಗದ ಕಡೆ ಜೋಮು ಬಂದರೆ ನಾಚಿಕೆ ಬೇಡ, ಸೀಟು ಸರಿಪಡಿಸಿ. ಆದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಅಂದ ಹಾಗೆ, ಜೆಲ್ ಸೀಟ್ ಕವರಿಗೆ ದುಡ್ಡು ಹಾಕಬೇಡಿ. ಮೆತ್ತಗಿನದು ಮಧ್ಯಕ್ಕೆ ಉಬ್ಬಿ ಒತ್ತಬಾರದ ಕಡೆಯೇ ಒತ್ತುತ್ತದೆ. ಅದೇ ದುಡ್ಡಿಗೆ ಸ್ವಲ್ಪ ಸೇರಿಸಿ ಪ್ಯಾಡ್ ಇರುವ ಚಡ್ಡಿ ತಗೊಳ್ಳಿ. ಒಳಗೆ ಬೇರೆ ಚಡ್ಡಿ ಹಾಕಬಾರದು.

ಸೀಟು ಕೂತ ಮೇಲೆ ಹ್ಯಾಂಡಲ್. ಕತ್ತು, ಭುಜ ನೋಯುತ್ತಿದ್ದರೆ ಹ್ಯಾಂಡಲ್ ತಗ್ಗಾಗಿದೆ ಇಲ್ಲವೇ ದೂರವಾಗಿದೆ. ಹ್ಯಾಂಡಲನ್ನು ಸೈಕಲ್ಲಿಗೆ ಹಿಡಿದಿಡುವ ತುಂಡಿಗೆ ಸ್ಟೆಮ್ ಅಂತಾರೆ. ಅದರ ಮೇಲೆ ಉಂಗುರದಂಥ ಸ್ಪೇಸರ್ ಇದ್ದರೆ ಅದನ್ನು ಕೆಳಕ್ಕೆ ಹಾಕಿದರೆ ಅಷ್ಟೇ ಎತ್ತರ ಸಿಗುತ್ತದೆ. ಸಾಲದಿದ್ದರೆ ಸ್ಟೆಮ್ಮನ್ನೇ ಮಗುಚಿ ಹಾಕಿ. ಆರು ಡಿಗ್ರಿ ಓರೆಯಿರುವ 100 ಎಂಎಂ ಸ್ಟೆಮ್ಮನ್ನು ಮಗುಚಿದರೆ ಹ್ಯಾಂಡಲ್ ಎರಡು ಸೆಂಟಿಮೀಟರಿನಷ್ಟು ಮೇಲೆ ಬರುತ್ತದೆ, ಅರ್ಧ ಸೆಂಟಿಮೀಟರ್ ಹತ್ತಿರವೂ ಆಗುತ್ತದೆ. ಒಂದು ರೂಪಾಯಿ ಖರ್ಚಿಲ್ಲ. ಇನ್ನೂ ದೂರ ಅನ್ನಿಸಿದರೆ ಮಾತ್ರ ಗಿಡ್ಡ ಸ್ಟೆಮ್ ಕೊಳ್ಳಿ. ಕೆಲವು ನೂರು ರೂಪಾಯಿಂದ ಸಿಗುತ್ತದೆ. ಕೊಳ್ಳುವ ಮೊದಲು ಹ್ಯಾಂಡಲಿನ ದಪ್ಪ 25.4 ಎಂಎಂ ಆ, 31.8 ಎಂಎಂ ಆ ನೋಡಿ.

ಸ್ಟೆಮ್ ಬಿಚ್ಚುವವರು ಇದನ್ನು ಎರಡು ಸಲ ಓದಿ. ಮೇಲಿನ ಮುಚ್ಚಳದ ಬೋಲ್ಟು ಹ್ಯಾಂಡಲನ್ನು ಹಿಡಿದಿಡುವುದಲ್ಲ. ಅದು ಬೇರಿಂಗಿನ ಆಟ ತೆಗೆಯಲು ಮಾತ್ರ. ಪಕ್ಕದ ಎರಡು ಬೋಲ್ಟು ಸಡಿಲ ಇರುವಾಗಲೇ ಅದನ್ನು ಮೆಲ್ಲಗೆ ತಿರುಗಿಸಿ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಟಕಟಕ ಅನ್ನಬಾರದು, ಹ್ಯಾಂಡಲ್ ಹಗುರವಾಗಿ ತಿರುಗಬೇಕು. ಆಮೇಲೆ ಹ್ಯಾಂಡಲ್ ಚಕ್ರಕ್ಕೆ ನೇರ ಇದೆಯಾ ನೋಡಿ, ಪಕ್ಕದ ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಎಷ್ಟು ಬಿಗಿ ಅಂತ ಸ್ಟೆಮ್ಮಿನ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಕೊನೆಯ ಬಿಗಿತಕ್ಕೆ ಮೆಕ್ಯಾನಿಕ್ ಹತ್ತಿರ ಹೋಗಿ. ಅತ್ತಿಗುಂಡಿಯ ತಿರುವುಗಳಲ್ಲಿ ಇಳಿಯುವಾಗ ಹ್ಯಾಂಡಲ್ ಜಾರಿದರೆ ನನ್ನಂಥವರ ಕೈಲಿ ಆಗುವ ಕೆಲಸ ಅಲ್ಲ.

ಇಳಿಯುವ ಮಾತು ಬಂದದ್ದರಿಂದ ಬ್ರೇಕ್ ಲಿವರ್ ಬಗ್ಗೆಯೂ ಹೇಳಬೇಕು. ಇಳಿಜಾರಿನಲ್ಲಿ ಹ್ಯಾಂಡಲಿನ ಕೆಳಗಿನ ಬಾಗಿದ ಭಾಗ ಹಿಡಿದರೆ ಬ್ರೇಕಿಗೆ ಬಲ ಜಾಸ್ತಿ ಸಿಗುತ್ತದೆ. ಆದರೆ ಸಣ್ಣ ಕೈಯವರಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಅಲ್ಲಿಂದ ಲಿವರ್ ಎಟುಕುವುದೇ ಇಲ್ಲ. ಎಷ್ಟೋ ಲಿವರುಗಳಲ್ಲಿ ಅದನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಇರುತ್ತದೆ. ಕೆಲವದರಲ್ಲಿ ರಬ್ಬರ್ ತುಂಡು ಇಡಬೇಕು. ಹತ್ತಿರ ತಂದ ಮೇಲೆ ಬ್ರೇಕ್ ಕೇಬಲ್ ಮತ್ತೆ ಹೊಂದಿಸುವುದು ಮರೆಯಬೇಡಿ.

ಟೈರಿನ ಗಾಳಿಯೂ ಅಷ್ಟೇ. 28 ಎಂಎಂ ಟೈರು, ಎಪ್ಪತ್ತು ಕೆಜಿ ಮೈತೂಕ ಇದ್ದರೆ 100 ಪಿಎಸ್‌ಐ ಬೇಡ, 70–75 ಸಾಕು. ನಮ್ಮ ರಸ್ತೆಗೆ ಕೈ, ಬೆನ್ನು ಎರಡಕ್ಕೂ ಅದರಲ್ಲಿ ಸುಖ ಇದೆ.

ಅಲೆನ್ ಕೀಗೆ ಬಗ್ಗದ ವಿಷಯವೂ ಒಂದಿದೆ, ಫ್ರೇಮಿನ ಸೈಜು. ಸೆಕೆಂಡ್ ಹ್ಯಾಂಡ್ ಸೈಕಲ್ ಅಗ್ಗಕ್ಕೆ ಸಿಕ್ಕಿತು ಅಂತ 52 ಸೆಂಟಿಮೀಟರಿನ ಫ್ರೇಮು ಬೇಕಾದವರು 56ರದು ತಂದಿರುತ್ತಾರೆ. ಸ್ಟೆಮ್ ಮಗುಚಿ, 70 ಎಂಎಂನದು ಹಾಕಿದರೂ ಕೈ ಚಾಚಿಯೇ ಓಡಿಸಬೇಕಾದರೆ ಇನ್ನು ಬಿಡಿಭಾಗಕ್ಕೆ ದುಡ್ಡು ಸುರಿಯಬೇಡಿ. ಅದಕ್ಕಿಂತ ಗಿಡ್ಡವಾದರೆ ಹ್ಯಾಂಡಲ್ ತೀರಾ ಚುರುಕಾಗಿ ತಿರುಗುತ್ತದೆ, ಇಳಿಜಾರಿನಲ್ಲಿ ಹೆದರಿಕೆ. ಅಂಥ ಸೈಕಲ್ಲನ್ನು ಉದ್ದ ಕಾಲಿನವರಿಗೆ ಮಾರಿ, ಸೈಜು ನೋಡಿ ಬೇರೆ ತಗೊಳ್ಳಿ. ಮಾರುವ ಮೊದಲು ಆ ಸೀಟ್ ಪೋಸ್ಟು ಮಿಸುಕುತ್ತದಾ ನೋಡಿ. ಕೊಳ್ಳಲು ಬಂದವರು ಮೊದಲು ಅದನ್ನೇ ಏರಿಸಿ ನೋಡುತ್ತಾರೆ.